ಚಳಿಪೆಟ್ಟಿಗೆಯ ಹೊಸ್ತಿಲು

"ಕೇಳ್ರಪ್ಪೋ ಕೇಳ್ರಿ! ತೆಂಕಣಗಿರಿಯ ದೊರೆ ವೀರಮಲ್ಲರ ಅಪ್ಪಣೆ! ಯುವರಾಜರ ತಿನಿಸಿಗೆ ವಿಷ ಬೆರೆಸಿದಳೆಂಬ ಆರೋಪದ ಮೇಲೆ ತಟ್ಟೆ ತೊಳೆಯುವ ನಿಂಗವ್ವನನ್ನು ಇಂದು ಹೊತ್ತು ಮುಳುಗುವಾಗ ಕೋಟೆಯ ಮೇಲಿನಿಂದ ತಳ್ಳಲಾಗುವುದು. ಅವಳು ನಿರಪರಾಧಿ ಎನ್ನುವವರು ಬಂದು ರಾಜಕುಮಾರಿಯವರ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವನಿಗೆ ರಾಜಕುಮಾರಿಯ ಕೈ. ತಪ್ಪಿದವನಿಗೆ ನಿಂಗವ್ವನ ದಾರಿಯೇ ದಾರಿ!"

ಅರಮನೆಯ ಅಡುಗೆಮನೆಯಲ್ಲಿ ಒಂದು ಚಳಿಪೆಟ್ಟಿಗೆ ಇತ್ತು. ಅದು ತಿನಿಸನ್ನು ಕಲ್ಲಿನಂತೆ ಹೆಪ್ಪುಗಟ್ಟಿಸುತ್ತಿತ್ತು. ಬಳಿಕ ಅದಕ್ಕೆ ಜೋಡಿಸಿದ ಪಂಪು ಒಳಗಿನ ಗಾಳಿಯನ್ನೆಲ್ಲ ಹೀರಿದರೆ ತಿನಿಸಿನ ನೀರು ಕರಗದೆಯೇ ಹಾರಿ ಗೋಡೆಗೆ ಮಂಜಾಗಿ ಅಂಟುತ್ತಿತ್ತು. ಉಳಿದ ತಿನಿಸು ಹಪ್ಪಳದಷ್ಟು ಹಗುರ, ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮೊನ್ನೆ ಅದರಲ್ಲಿ ಸೈನಿಕರಿಗೆಂದು ಶೇಂಗಾಪುಡಿ ಹಾಕಿದ ಬದನೆಕಾಯಿ ಪಲ್ಯ ಒಣಗಿಸಿದ್ದರು. ಅದರ ಬೆನ್ನಿಗೇ ಯುವರಾಜನಿಗೆಂದು ಹಲಸಿನ ತೊಳೆ ಇಟ್ಟರು. ಶೇಂಗಾ ಸೋಕಿದರೆ ಆ ಮಗುವಿನ ಗಂಟಲು ಊದುತ್ತದೆಂಬುದು ಅರಮನೆಗೆಲ್ಲ ಗೊತ್ತಿದ್ದ ಸಂಗತಿ. ಹಲಸು ಬಾಯಿಗಿಟ್ಟದ್ದೇ ತಡ, ಊದಿತು. ವೈದ್ಯರು ಹೇಗೋ ಉಳಿಸಿದರು. ನಡುವೆ ತಟ್ಟೆ ತೊಳೆದವಳು ನಿಂಗವ್ವ. ಇಷ್ಟೇ ಸಾಕ್ಷಿ.

ಕೋಟೆಯ ಮೇಲೆಯೇ ಕೂಡಿದ ಸಭೆಯಲ್ಲಿ ರಾಜಕುಮಾರಿ ಚಂದ್ರಾಂಬೆ ಎದ್ದು ನಿಂತಳು. "ಪೆಟ್ಟಿಗೆಯನ್ನು ಅರಿಯದವರು ನ್ಯಾಯ ಹೇಳುವುದು ಬೇಡ. ಅದಕ್ಕೇ ಈ ಒಗಟುಗಳು. ಮೊದಲನೆಯದು: ಅದು ಕಣ್ಣಿಗೆ ಕಾಣದು. ಕೊರೆಯುವ ಚಳಿಗೆ ಮಲಗುತ್ತದೆ, ಸಾಯುವುದಿಲ್ಲ. ಗಾಳಿ ಕಿತ್ತುಕೊಂಡರೂ ಸಾಯುವುದಿಲ್ಲ. ನೀರು ಕಂಡರೆ ಎದ್ದು ಕೂರುತ್ತದೆ. ಏನದು?"

ಕಡಲೂರಿನ ರಾಜಕುಮಾರ ಮೀಸೆ ನೀವಿಕೊಂಡ. "ಪ್ರೇಮ, ದೇವಿ!"

"ಪ್ರೇಮದಿಂದ ವಾಂತಿಭೇದಿ ಆಗುವುದಿಲ್ಲ. ಕಟ್ಟಿರಿ ಇವನನ್ನು."

ನೆರೆನಾಡಿನ ದಂಡನಾಯಕ ಮುಂದೆ ಬಂದ. "ರೋಗ" ಎಂದ. ರಾಜಕುಮಾರಿ ತಲೆದೂಗಿದಳು. ಎರಡನೆಯದನ್ನು ಕೇಳಿದಳು: "ಮೂವರು ಸೇವಕರು. ಮೊದಲಿನವನು ಬಾರದೆ ಎರಡನೆಯವನು ಬಂದರೆ ದುಡಿಮೆ ವ್ಯರ್ಥ. ಮೂರನೆಯವನಿಗೆ ಕಾಯದೆ ಬಾಗಿಲು ಹಾಕಿದರೆ ಮನೆಯೇ ಹಾಳು. ಯಾರವರು?"

"ಸೈನಿಕ, ದಂಡನಾಯಕ, ದೊರೆ!"

"ಇವನನ್ನೂ ಕಟ್ಟಿರಿ."

ಕೋಟೆಯ ಅಂಚಿನಲ್ಲಿ ನಿಂಗವ್ವನ ಪಕ್ಕಕ್ಕೆ ಇಬ್ಬರನ್ನೂ ನಿಲ್ಲಿಸಿದರು. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಮತ್ತಾರೂ ಏಳಲಿಲ್ಲ. ಆಗ ಬಾಗಿಲ ಬಳಿಯಿಂದ ಒಬ್ಬ ತರುಣ ಬಂದ. ನಿಂಗವ್ವನ ಮಗ ಕೆಂಚ. ತಾಯಿಯ ಜೊತೆ ಅದೇ ಅಡುಗೆಮನೆಯಲ್ಲಿ ನೀರು ಹೊರುವವನು.

"ಬ್ಯಾಡೋ ಕೆಂಚಾ, ಮನೀಗೆ ಹೋಗೋ!" ನಿಂಗವ್ವ ಕೂಗಿದಳು.

"ಸುಮ್ಕಿರವ್ವ." ಅವನು ರಾಜಕುಮಾರಿಗೆ ಕೈಮುಗಿದ. "ತಾಯೀ, ಮೊದಲನೇದು ಹಸಿ ಮಾಂಸ, ಮೊಟ್ಟಿ ಬಿಟ್ಟು ಹೋಗೂ ರೋಗದ ಜೀವ. ಪೆಟ್ಟಿಗಿ ಒಣಗಸತೈತಿ, ಕೊಲ್ಲೂದಿಲ್ಲ. ಅದಕ್ಕ ಪ್ರತಿ ಸಲ ತೊಳೀಬೇಕ್ರಿ. ಎರಡನೇದು, ಮೊದಲಿನವ ಸಾಬೂನಿನ ಬಿಸಿನೀರು. ಎರಡನೆಯವ ರೋಗದ ಜೀವಾ ಕೊಲ್ಲೂ ಸ್ಪಿರಿಟ್ಟು. ಜಿಡ್ಡಿನ ಮ್ಯಾಲ ಸ್ಪಿರಿಟ್ಟು ಒರಸಿದ್ರ ಅದು ಜೀವಕ್ಕ ಮುಟ್ಟೂದೇ ಇಲ್ಲ."

"ಮೂರನೆಯವನು?"

"ಆರೂದು. ಹಸಿ ಇದ್ದಾಗಲೇ ಬಾಗಿಲಾ ಹಾಕಿದ್ರ ಸ್ಪಿರಿಟ್ಟಿನ ಹಬೆ ಪಂಪಿನ ಎಣ್ಣಿಗೆ ಸೇರಿ ಪಂಪೇ ಕೆಡತೈತ್ರಿ. ಬಾಗಿಲಾ ತೆರೆದಿಟ್ಟು ಪೂರಾ ಆರಿಸಬೇಕು."

ಸಭೆ ಉಸಿರು ಬಿಟ್ಟಿತು. ಚಂದ್ರಾಂಬೆಯ ದನಿ ಮಾತ್ರ ಸಡಿಲಾಗಲಿಲ್ಲ. "ಮೂರನೆಯದಕ್ಕೆ ನನಗೂ ಉತ್ತರ ಗೊತ್ತಿಲ್ಲ. ತಟ್ಟೆ ತೊಳೆದಾಯಿತು, ಗೋಡೆ ಒರೆಸಿದ್ದಾಯಿತು, ಮಂಜು ಕರಗಿದ ನೀರನ್ನು ಕೊಳವೆಯಿಂದ ಹರಿಸಿ ಕೊಳವೆಯನ್ನೂ ತೊಳೆದದ್ದಾಯಿತು. ಅಡುಗೆಯವರೆಲ್ಲ ಕಂಡಿದ್ದಾರೆ. ಆದರೂ ಶೇಂಗಾ ಉಳಿಯಿತು. ಎಲ್ಲಿ ಉಳಿಯಿತು? ಉಳಿಸಿದವರು ಯಾರು?"

ಕೆಂಚ ತಲೆ ತಗ್ಗಿಸಿದ. ಹೆಸರು ಹೇಳಿದರೆ ತನ್ನ ತಲೆ, ಹೇಳದಿದ್ದರೆ ತಾಯಿಯದೂ ತನ್ನದೂ.

"ಎಲ್ಲಿ ಅಂತಷ್ಟೇ ಹೇಳೋ, ಮಗನ!" ಅಂಚಿನಿಂದ ನಿಂಗವ್ವ ಕೂಗಿದಳು.

"ಬಾಗಿಲಿನ ರಬ್ಬರ್ ಪಟ್ಟಿಯೊಳಗ ಉಳೀತ್ರಿ" ಎಂದ ಕೆಂಚ. "ಪಟ್ಟಿ ಹೊಸ್ತಿಲು ಇದ್ದಾಂಗ ಅಂತ ಪ್ರತಿ ಸಲ ತಾವೇ, ತಾಯೀ, ಅರಿಷಿಣ ಹಚ್ಚತೀರಿ. ಹಸಿ ಅರಿಷಿಣಕ್ಕ ಶೇಂಗಾಪುಡಿ ಅಂಟಿ ಪಟ್ಟಿಯ ಮಡಿಕಿಯೊಳಗ ಕುಂತೈತಿ. ಹಲಸಿನ ತಟ್ಟಿ ಒಳಗ ಸರಿಸಿದಾಗ ತೊಳಿಗೆ ಹತ್ತೇತಿ. ಅದಕ್ಕೂ ಮೊದಲ ಅವ್ವ ಪಟ್ಟಿ ಒರಸಾಕ ಹ್ವಾದ್ರ ತಡದ್ರು. ಹೊಸ್ತಿಲ ಅರಿಷಿಣ ಅಳಿಸಿದವರ ಕೈ ಕಡಸ್ತೀನಿ ಅಂದವರು..." ಅವನು ಕತ್ತೆತ್ತಿ ನೋಡಿದ. "ದೊರೆಗಳು."

ವೀರಮಲ್ಲನ ಕೈ ಕತ್ತಿಯ ಹಿಡಿಗೆ ಹೋಯಿತು. "ಪೆಟ್ಟಿಗೆ ತನ್ನಿ. ಸುಳ್ಳಾದರೆ ಮೊದಲು ತಳ್ಳುವುದು ನಿನ್ನನ್ನೇ."

ಪೆಟ್ಟಿಗೆ ಬಂತು. ಕೆಂಚ ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಪಟ್ಟಿಯ ಮೇಲೆ ಎಳೆದ. ಬಟ್ಟೆ ಹಳದಿಯಾಯಿತು. ಅಷ್ಟೇ.

"ಅರಿಶಿನ ವಿಷವೇನೋ?" ದೊರೆ ನಕ್ಕ. ನಗು ಯಾರಿಗೂ ಅಂಟಲಿಲ್ಲ. ಪಡುವಣದಲ್ಲಿ ಸೂರ್ಯ ಕೋಟೆಯ ತೆನೆಗೆ ತಾಗಿದ್ದ.

ಕೆಂಚ ಹೆಬ್ಬೆರಳಿನಿಂದ ಪಟ್ಟಿಯ ಮಡಿಕೆ ಅಗಲಿಸಿ, ಬಟ್ಟೆಯ ತುದಿ ಒಳಗೆ ತೂರಿಸಿ, ಮೂಲೆಯಿಂದ ಮೂಲೆಗೆ ನಿಧಾನವಾಗಿ ಎಳೆದ. ಬಟ್ಟೆ ಬಿಡಿಸಿ ಹಿಡಿದ. ಅರಿಶಿನದ ಉಂಡೆಯೊಳಗೆ ಶೇಂಗಾದ ಕೆಂಪು ಸಿಪ್ಪೆ, ಪುಡಿ.

ದೊರೆಯ ಕೈ ಹಿಡಿಯಿಂದ ಜಾರಿತು. ಬಟ್ಟೆಯನ್ನು ಹತ್ತಿರಕ್ಕೆ ತರಿಸಿ ನೋಡಿದ. ಕೊನೆಗೆ "ತಪ್ಪು ನನ್ನದು. ಅರಿಶಿನದ ಆ ಅಪ್ಪಣೆ ಇಲ್ಲಿಗೇ ರದ್ದು. ಅವಳನ್ನು ಬಿಡಿಸಿ" ಎಂದ. ಮಗಳತ್ತ ತಿರುಗಿದ. "ಕೊಟ್ಟ ಮಾತಿದೆ. ಇವನ ಕೈ ಹಿಡಿ."

ಕೆಂಚ ಗಾಬರಿಯಾದ. "ಬ್ಯಾಡ್ರಿ! ತಾಯೀ ಅಂತ ಕರದುಬಿಟ್ಟೀನಿ, ಹ್ಯಾಂಗ್ ಲಗ್ನ ಆಗ್ಲಿ? ಕೊಡೂದಾದ್ರ ಆ ಇಬ್ಬರ ಜೀವಾ ಕೊಡ್ರಿ."

ದೊರೆ ಒಪ್ಪಿದ. ಇಬ್ಬರೂ ತಿರುಗಿ ನೋಡದೆ ತಮ್ಮ ತಮ್ಮ ನಾಡಿಗೆ ಓಡಿದರು. ಕೆಂಚನಿಗೆ ಕೆರೆಯ ಕೆಳಗಿನ ಹೊಲ, ಇರಲು ಮನೆ, ಪೆಟ್ಟಿಗೆಯ ಪೂರ್ಣ ಅಧಿಕಾರ ಸಿಕ್ಕಿತು. ಅವನ ಮಾತಿಲ್ಲದೆ ದೊರೆಯೂ ಅದರ ಬಾಗಿಲು ಮುಟ್ಟುವಂತಿರಲಿಲ್ಲ.

ಮರುದಿನ ಮುಂಜಾನೆ ಅಡುಗೆಮನೆಯಲ್ಲಿ ಚಂದ್ರಾಂಬೆ ಸೆರಗು ಸಿಕ್ಕಿಸಿ, ಸಾಬೂನುನೀರಿನ ಬಟ್ಟೆ ಹಿಡಿದು ಪೆಟ್ಟಿಗೆಯ ಮುಂದೆ ಕೂತಿದ್ದಳು. ಹಗ್ಗದ ಗುರುತು ಇನ್ನೂ ಮಾಸದ ಕೈಯನ್ನು ಸೊಂಟಕ್ಕಿಟ್ಟು ನಿಂಗವ್ವ ಹಿಂದೆ ನಿಂತಿದ್ದಳು.

"ಮ್ಯಾಲ ಮ್ಯಾಲ ಅಲ್ರಿ, ಮಡಿಕಿಯೊಳಗ ಬೆರಳು ಹಾಕ್ರಿ. ಹಾಂ, ಆ ಮೂಲಿ ಉಳೀತು ನೋಡ್ರಿ."

ರಾಜಕುಮಾರಿ ಮತ್ತೆ ಮೊದಲಿನಿಂದ ಒರೆಸಿದಳು.