ಪಂಕ್ತಿ ಬಿಟ್ಟು ಏಳೋದು

ಹರಟೆಕಟ್ಟೆ ಅನ್ನೋ ಮೆಸೇಜಿನ ಆ್ಯಪ್ ಕಂಪನಿಯಲ್ಲಿ ಭಾರ್ಗವ ದೊಡ್ಡ ಅಧಿಕಾರಿ. ಇವತ್ತಿನ ಮದುವೆಯಲ್ಲಿ ಗಂಡಿನ ಸೋದರಮಾವ. ಪಂಕ್ತಿಯಲ್ಲಿ ಕೂತವನಿಗೆ ಹೋಳಿಗೆ ಬಡಿಸುತ್ತಾ ಅಡುಗೆ ಶಾಮಣ್ಣ ಕೇಳಿದ:

"ಸ್ವಾಮಿ, ನಿಮ್ಮ ಆ್ಯಪ್ ಸಾಕಾಗಿಹೋಗಿದೆ, ಬಿಡೋಣ ಅಂತಿದ್ದೀನಿ. ಆದರೆ ನನ್ನ ಗಿರಾಕಿಗಳೆಲ್ಲ ಅಲ್ಲೇ ಇದ್ದಾರೆ. ಬೇರೆ ಆ್ಯಪಿಂದಲೂ ಅವರಿಗೆ ಮೆಸೇಜು ಹೋಗೋ ಹಾಗೆ ಮಾಡಿಕೊಡಿ."

"ಅದೆಲ್ಲ ಆಗಲ್ಲ. ಬೇಡವಾದರೆ ಬಿಟ್ಟು ಹೋಗಯ್ಯ. ನಿನ್ನನ್ನ ಯಾರು ಕಟ್ಟಿಹಾಕಿದಾರೆ?"

ಶಾಮಣ್ಣ ಹೋಳಿಗೆ ತಟ್ಟೆ ಹಿಡಿದು ಮುಂದಿನ ಎಲೆಗೆ ಹೋದ.

ಭಾರ್ಗವನ ಊಟ ಮುಗಿಯಿತು. ರೈಲಿಗೆ ಹೊತ್ತಾಗಿತ್ತು. ಏಳೋಣವೆಂದು ನೋಡುತ್ತಾನೆ, ಪಂಕ್ತಿಯ ಕೊನೆಯಲ್ಲಿ ಬೊಚ್ಚುಬಾಯಿಯ ಅಜ್ಜನೊಬ್ಬನ ಎಲೆಗೆ ಶಾಮಣ್ಣ ಇನ್ನೊಂದು ಹೋಳಿಗೆ ಹಾಕುತ್ತಿದ್ದಾನೆ! ಅದು ಕರಗಿತೋ ಇಲ್ಲವೋ, ಮತ್ತೊಂದು! ಎಲ್ಲರ ಊಟ ಮುಗಿಯದೆ ಯಾರೂ ಏಳುವಂತಿಲ್ಲ. ಎದ್ದರೆ ಬೀಗರೆದುರು ಮಾನ ಹೋಯಿತು. ಭಾರ್ಗವ ಗಡಿಯಾರ ನೋಡಿಕೊಂಡು ಶಾಮಣ್ಣನನ್ನ ಕೂಗಿದ.

"ಏನಯ್ಯ ಇದು ಅನ್ಯಾಯ! ನನ್ನ ರೈಲು ಹೋಗುತ್ತೆ!"

ತುಪ್ಪದ ಮಿಳ್ಳೆ ಹಿಡಿದ ಶಾಮಣ್ಣ ವಿನಯದಿಂದ ಬಾಗಿದ.

"ಅಯ್ಯೋ, ಏಳಿ ಸ್ವಾಮಿ. ಬಾಗಿಲು ತೆಗೆದೇ ಇದೆ. ನಿಮ್ಮನ್ನ ಯಾರು ಕಟ್ಟಿಹಾಕಿದಾರೆ?"

ಅರ್ಧ ಎದ್ದ ಭಾರ್ಗವ ಬೀಗರ ಕಡೆ ನೋಡಿ ಮತ್ತೆ ಕೂತ. ಎಂಜಲುಗೈ ಒಣಗುತ್ತಿತ್ತು. ಅತ್ತ ಅಜ್ಜ ಮೊಸರನ್ನಕ್ಕೆ ಎಲೆಯಲ್ಲಿ ಜಾಗ ಮಾಡಿಕೊಳ್ಳುತ್ತಿದ್ದ.