ಓಗೊಟ್ಟವ್ವನ ದಿಬ್ಬ

ಡೋಣಿ ಸೀಮೆಯ ಕಗ್ಗರಹಾಳ ಊರಿನ ಪಡುವಲಿಗೆ ಒಂದು ಗರಸುಮಣ್ಣಿನ ದಿಬ್ಬವಿದೆ. ಅದರ ನೆತ್ತಿಯ ಮೇಲಿನ ಹಳೆಯ ಕಲ್ಲುಗೋಡೆ ನೇರವಾಗಿ ಬಂದು, ನಡುವೆ ಒಂದು ಗೇಣು ಬಲಕ್ಕೆ ಸರಿದು, ಮತ್ತೆ ನೇರವಾಗಿ ಸಾಗುತ್ತದೆ. ಅದು ಕಟ್ಟಿದವರ ಕೈತಪ್ಪಲ್ಲ. ಗೋಡೆಯ ಕೆಳಗಿನ ನೆಲವೇ ಸರಿದದ್ದು. ಈ ಭಾಗದಲ್ಲಿ ಭೂಮಿ ಆಗಾಗ ಗುಡುಗಿ ಸಣ್ಣಗೆ ನಡುಗುವುದುಂಟು. ಮನೆ ಬೀಳುವುದಿಲ್ಲ, ನೆಲುವಿನ ಗಡಿಗೆಗಳು ತೂಗಾಡುತ್ತವೆ, ಅಷ್ಟೆ. ದಿಬ್ಬಕ್ಕೆ ಓಗೊಟ್ಟವ್ವನ ದಿಬ್ಬ ಎಂಬ ಹೆಸರು ಬಂದದ್ದು ಅಂಥ ಒಂದು ಸಣ್ಣ ನಡುಕದಿಂದಲೇ.

ಹಿಂದೆ ಒಮ್ಮೆ, ನೆಲದೊಳಗಿನ ಹಗೇವುಗಳಲ್ಲಿ ಜೋಳ ತುಂಬಿಡುತ್ತಿದ್ದ ಕಾಲದಲ್ಲಿ, ರಾಚಪ್ಪ ಮತ್ತು ನೀಲಗಂಗವ್ವ ಎಂಬ ದಂಪತಿಯ ಹಗೇವು ಇಲ್ಲಿತ್ತಂತೆ. ಒಬ್ಬರು ಇಳಿಯುವಷ್ಟೇ ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ಮನೆಯ ಕಾಳು ತೀರಿದ ಒಂದು ಬೆಳಗ್ಗೆ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ನೀಲಗಂಗವ್ವ ಒಳಗಿಳಿದಳು. ಅವಳು ತುಂಬಿಕೊಟ್ಟ ಬುಟ್ಟಿಗಳನ್ನು ರಾಚಪ್ಪ ಹಗ್ಗದಿಂದ ಮೇಲೆಳೆಯುತ್ತಿದ್ದ. ಆಗ ನೆಲ ಗುಡುಗಿತು. ದಿಬ್ಬದಲ್ಲಿದ್ದ ಬಿರುಕಿನ ಗುಂಟ ಮಣ್ಣು ಒಂದು ಗೇಣು ಜರುಗಿತು. ಹಗೇವಿನ ಬಾಯಿ ಒಂದು ಕಡೆ, ಹೊಟ್ಟೆ ಒಂದು ಕಡೆ ಆಗಿ, ಬಾಯಿಕಟ್ಟಿನ ಕಲ್ಲುಗಳು ಕುಸಿದು ದಾರಿ ಮುಚ್ಚಿತು. ಊರಲ್ಲಿ ಒಂದು ಗಡಿಗೆಯೂ ಒಡೆದಿರಲಿಲ್ಲ.

ರಾಚಪ್ಪ ಮಣ್ಣಿಗೆ ಬಾಯಿಹಚ್ಚಿ ಕೂಗಿದ. ಕೆಳಗಿನಿಂದ ಅವಳು "ಓ" ಎಂದಳು. ಊರವರು ಓಡಿಬಂದರು. ಮೇಲಿನಿಂದ ಅಗೆದರೆ ಕಲ್ಲು ಅವಳ ಮೇಲೇ ಬಿದ್ದೀತೆಂದು ದಿಬ್ಬದ ಮಗ್ಗುಲಿನಿಂದ ಅಗೆಯತೊಡಗಿದರು. ನಡುನಡುವೆ ನೆಲ ಮತ್ತೆ ಅಲುಗುತ್ತಿತ್ತು; ಅಗೆದದ್ದು ಕುಸಿಯುತ್ತಿತ್ತು. ಒಮ್ಮೆ ಇಬ್ಬರು ಎದೆಮಟ್ಟ ಹೂತುಹೋದರು. ಅವರನ್ನು ಎಳೆದು ತೆಗೆದ ಗದ್ದಲ ಒಳಗೂ ಕೇಳಿಸಿರಬೇಕು.

"ಯಾರಿಗರ ಏನರ ಆತೇನ್ರಿ?" ಎಂದಳು ನೀಲಗಂಗವ್ವ.

"ಏನೂ ಆಗಿಲ್ಲ. ಸುಮ್ಮನಿರು, ಬಂದ್ವಿ," ಎಂದ ರಾಚಪ್ಪ.

"ಸಾಕು ಮಾಡ್ರಿ. ಅವರಿಗೂ ಹೆಂಡ್ರು ಮಕ್ಕಳು ಅದಾರ. ನೀವು ಕರೀತಿರ್ರಿ, ನಾ ಓ ಅಂತೀನಿ. ಅಷ್ಟಾದ್ರ ನನಗ ಅಂಜಿಕಿ ಆಗೂದಿಲ್ಲ."

ಊರವರು ಹಿಂದೆ ಸರಿದರು. ರಾಚಪ್ಪ ಒಬ್ಬನೇ ಅಗೆಯಹೋದಾಗ, ಗುದ್ದಲಿಯ ಸದ್ದು ಕೇಳಿ ಅವಳು ಓಗೊಡುವುದನ್ನೇ ನಿಲ್ಲಿಸಿದಳಂತೆ. ಅವನು ಗುದ್ದಲಿ ಎಸೆದು ಕರೆದ. ಆಗ "ಓ" ಎಂದಳು. ಹೊತ್ತು ಇಳಿಯುವವರೆಗೆ ಅವನು ಕರೆದ, ಅವಳು ಓಗೊಟ್ಟಳು. ಆಮೇಲೆ ದನಿ ಬರಲಿಲ್ಲ. ಬದುಕಿರುವ ತನಕ ರಾಚಪ್ಪ ದಿನಾ ದಿಬ್ಬ ಹತ್ತಿ ಅವಳನ್ನು ಕರೆದು, ಸ್ವಲ್ಪ ಹೊತ್ತು ಕಾದು, ಮನೆಗೆ ಹೋಗುತ್ತಿದ್ದ ಎನ್ನುತ್ತಾರೆ.

ಅಂದು ಅಗೆದ ಕಂದಕ ದಿಬ್ಬದ ಮಗ್ಗುಲಲ್ಲಿ ಇಂದಿಗೂ ಇದೆ. ಅದರ ಕೊನೆಗೆ ಕುಂಕುಮ ಹಚ್ಚಿದ ಒಂದು ಮಣ್ಣಿನ ಗೋಡೆ. ಹೆಣ್ಣುಮಕ್ಕಳು ಅದಕ್ಕೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ಆ ಗೋಡೆಯನ್ನು ಕಟ್ಟಿದವರು ಊರವರೇ. ನೀಲಗಂಗವ್ವ ಹೋದ ಮುಂದಿನ ಮಳೆಗೆ ಅಲ್ಲಿ ಮೊಳದಷ್ಟು ಮಣ್ಣು ಜಾರಿ, ಹಗೇವಿನ ಒಳಗೋಡೆಗೆ ಹೊದಿಸಿದ್ದ ಹುಲ್ಲು ಕಂಡಿತಂತೆ. ರಾಚಪ್ಪ ಬರುವುದರೊಳಗೆ ಅವರು ಅದನ್ನು ಮುಚ್ಚಿದರು. ಅಂದು ಅಗೆಯಲು ಉಳಿದಿದ್ದದ್ದು ಒಂದೇ ಮೊಳ ಎಂದು ಅವನಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ.