ಲೂರ್ದಮ್ಮನ ಮಿಕ್ಸರ್ ಎಲ್ಲಿರಬೇಕು?

ಹೊಳೆಯಂಚಿನ ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ಕಲ್ಲಿನ ಚರ್ಚೊಂದನ್ನು ಕಟ್ಟಿಕೊಂಡಿದ್ದವು. ಅಲ್ಲಿ ಕೊಕ್ಕರೆಯೇ ಸ್ವಾಮಿಗಳು. ಅವರಿಗೆ ವಯಸ್ಸಾಗಿತ್ತು, ದನಿ ತೀರ ಮೆಲು. ಹಾಗಾಗಿ ಮೈಕು ತಂದರು. ಮೈಕಿನ ದನಿಯನ್ನು ಏರಿಸಿ ಇಳಿಸುವ ಮಿಕ್ಸರನ್ನು ಲೂರ್ದಮ್ಮ ಎಂಬ ಮೊಲಕ್ಕೆ ಒಪ್ಪಿಸಿದರು. ಅವಳು ಬೆಂಚುಗಳ ನಡುವೆ ಕೂತು, ಎಲ್ಲರಿಗೂ ಕೇಳಿಸಿದ್ದನ್ನೇ ತಾನೂ ಕೇಳುತ್ತ ಗುಂಡಿ ತಿರುಗಿಸುತ್ತಿದ್ದಳು.

ಆ ಜಾಗದ ಮೇಲೆ ನರಿ ಚೌರಪ್ಪನ ಕಣ್ಣು ಬಿತ್ತು. ತಂಗಾಳಿ ಬೀಸುವ, ಪೀಠ ನೇರ ಕಾಣುವ ಜಾಗ ಅದು. ಚರ್ಚಿನ ಸಮಿತಿಗೆ ಅವನೇ ಅಧ್ಯಕ್ಷ. ಮಿಕ್ಸರಿನ ತಂತಿಗೆ ಕಾಲು ಸಿಕ್ಕಿ ಮರಿಗಳು ಬೀಳುತ್ತವೆ, ಪೂಜೆಯ ಹೊತ್ತಿಗೆ ಆ ಪೆಟ್ಟಿಗೆ ಕಣ್ಣಿಗೆ ಬಿದ್ದರೆ ಭಕ್ತಿ ಕೆಡುತ್ತದೆ ಎಂದು ಒಬ್ಬೊಬ್ಬರ ಕಿವಿಯಲ್ಲೂ ಊದಿದ. ಕೇಳಿದವರು ತಲೆದೂಗಿದರು. ಮಿಕ್ಸರ್ ಪೀಠದ ಹಿಂದಿನ ಕೋಣೆಗೆ ಹೋಯಿತು. ಖಾಲಿಯಾದ ಜಾಗಕ್ಕೆ ಚೌರಪ್ಪನ ಮನೆಯವರ ಬೆಂಚು ಬಂತು.

ಅಂದಿನಿಂದ ಲೂರ್ದಮ್ಮನಿಗೆ ನೆಮ್ಮದಿಯಿಲ್ಲ. ಬಾಗಿಲ ಸಂದಿಯಿಂದ ಸ್ವಾಮಿಗಳ ಬಾಯಿಮಾತು ಕೇಳುತ್ತಿತ್ತು. ಆದರೆ ಸ್ಪೀಕರಿನಲ್ಲಿ ಸಭೆಗೆ ಏನು ಕೇಳುತ್ತಿದೆಯೋ ಅವಳಿಗೆ ತಿಳಿಯದು. ಗುಂಡಿ ತಿರುಗಿಸಿ ಬಾಗಿಲಿಗೆ ಓಡುವಳು, ಇಣುಕುವಳು, ಮತ್ತೆ ಓಡಿ ಬರುವಳು. ಕೊನೆಗೆ ಚೌರಪ್ಪನ ಬಳಿ ಹೋಗಿ, ಸ್ವಾಮಿಗಳ ಮಾತು ಯಾರಿಗಾದರೂ ತಪ್ಪಿಹೋದರೆ ಗತಿಯೇನು ಎಂದು ಕೇಳಿಕೊಂಡಳು.

"ಅಷ್ಟುದ್ದ ಕಿವಿ ಇದೆ ನಿನಗೆ. ಒಂದು ಗೋಡೆ ಏನು ಮಾಡೀತು?" ಎಂದು ಅವನು ನಕ್ಕುಬಿಟ್ಟ.

ಮಳೆಗಾಲದ ಒಂದು ಭಾನುವಾರ. ಪೂಜೆ ಮುಗಿಯುವ ಹೊತ್ತಿಗೆ ನೀರುನಾಯಿ ಓಡಿಬಂದು, ಹೊಳೆ ಉಕ್ಕಿ ಮರದ ಸೇತುವೆ ಅಲುಗಾಡುತ್ತಿದೆ ಎಂದು ಸ್ವಾಮಿಗಳ ಕಿವಿಗೆ ಹಾಕಿತು. ಸ್ವಾಮಿಗಳು ಮೈಕಿನ ಮುಂದೆ, "ಇವತ್ತು ಸೇತುವೆ ಮೇಲೆ ಹೋಗಬೇಡಿ" ಎಂದರು. ಮಾತಿನ ಕೊನೆಗೆ ಅವರ ದನಿ ಯಾವಾಗಲೂ ಕುಗ್ಗುತ್ತಿತ್ತು. ಮುಂಚೆ ಲೂರ್ದಮ್ಮ ಅದನ್ನು ಅಲ್ಲೇ ಕೇಳಿ ಏರಿಸಿಕೊಡುತ್ತಿದ್ದಳು. ಈಗ ಸಭೆಗೆ ಮುಟ್ಟಿದ್ದು "ಸೇತುವೆ ಮೇಲೆ ಹೋಗ" ಎಂಬಷ್ಟೇ. ಸೇತುವೆ ಮೇಲೆಯೇ ಹೋಗಿ ಅಂದರೆಂದು ಎಲ್ಲರೂ ತಿಳಿದರು.

ಲೂರ್ದಮ್ಮ ಕಿಟಕಿಯಿಂದ ನೋಡಿದಳು. ಚೌರಪ್ಪ ಎಲ್ಲರಿಗಿಂತ ಮುಂದೆ ಸೇತುವೆಯ ಕಡೆಗೇ ನಡೆದಿದ್ದ. ಹಿಂದೆ ಅವನ ಹೆಂಡತಿ, ಮರಿಗಳು, ಇಡೀ ಸಭೆ. ಕಿಟಕಿಯಿಂದ ಹಾರಿ, ಕೆಸರಿನಲ್ಲಿ ಬಿದ್ದು ಎದ್ದು ಓಡಿ, ನರಿಯ ಮರಿಗಳಿಗೆ ಅಡ್ಡ ನಿಂತಳು.

"ಸ್ವಾಮಿಗಳು ಹೋಗಬೇಡಿ ಅಂದಿದ್ದು. ಯಾರೂ ಕಾಲಿಡಬೇಡಿ," ಎಂದಳು.

ಎಲ್ಲರೂ ನಿಂತರು. ಆದರೆ ಚೌರಪ್ಪ ಆಗಲೇ ನಡುಸೇತುವೆಯಲ್ಲಿದ್ದ. ಹೊಳೆಯ ಮೊರೆತದಲ್ಲಿ ಅವಳ ಕೂಗು ಅವನಿಗೆ ಕೇಳಿಸಲಿಲ್ಲ. ಹಲಗೆ ಮುರಿಯಿತು, ಅವನು ನೀರಿಗೆ ಬಿದ್ದ. ಕಾಡುಕೋಣ ಇನ್ನಾಸಪ್ಪ ಹೊಳೆಗಿಳಿದು ಎಳೆದು ತಂದಾಗ ಅವನ ಹಿಂಗಾಲು ಮುರಿದಿತ್ತು.

ಕಾಲಿಗೆ ಪಟ್ಟಿ ಕಟ್ಟಿಕೊಂಡ ಚೌರಪ್ಪ ಮುಂದಿನ ವಾರ ತಾನೇ ಸಭೆ ಕರೆದು, ತಪ್ಪು ಒಪ್ಪಿಕೊಂಡು, ಬೆಂಚನ್ನು ತೆಗೆಸಿದ. ಅವನಿಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು. ಲೂರ್ದಮ್ಮ ಮಿಕ್ಸರಿನೊಂದಿಗೆ ಮತ್ತೆ ಎಲ್ಲರ ನಡುವೆ ಬಂದು ಕೂತಳು. ಆ ಭಾನುವಾರ ಸ್ವಾಮಿಗಳ ದನಿ ಕುಗ್ಗಿದಾಗಲೆಲ್ಲ ಗುಂಡಿ ತಿರುಗಿಸಿ ಏರಿಸಿದಳು. ಪೂಜೆ ಮುಗಿದ ಮೇಲೆ ಹಿಂದಕ್ಕೆ ತಿರುಗಿ, "ಕೇಳಿಸ್ತಾ ಚೌರಪ್ಪಣ್ಣ?" ಎಂದಳು.

"ಪೂರ್ತಿ ಕೇಳಿಸ್ತಮ್ಮ," ಎಂದ ಅವನು, ತಲೆ ಎತ್ತದೆ.

ನೀತಿ: ಹತ್ತು ಜನರಿಗಾಗಿ ಕಿವಿಗೊಡುವವರು ಆ ಹತ್ತು ಜನರ ನಡುವೆಯೇ ಇರಬೇಕು, ತನ್ನ ಸುಖಕ್ಕಾಗಿ ಅವರನ್ನು ದೂರ ತಳ್ಳಿದವನು ಮೊದಲು ತಾನೇ ಕೆಡುತ್ತಾನೆ.